ಮರು: ಬೋನ್ ಮ್ಯಾರೋ ಪರೀಕ್ಷೆಗೆ ಕನ್ನಡ (ತುರ್ತು, ಫಲಕಕ್ಕೆ)

> ರಕ್ತರೋಗ ವಿಭಾಗದ ಒಂದು ಕೊಠಡಿಗೆ ಫಲಕ ಬೇಕಾಗಿದೆ. ‘ಅಸ್ಥಿಮಜ್ಜೆ ಪರೀಕ್ಷೆ’ ಎಂದರೆ ರೋಗಿಗಳಿಗೆ ತಿಳಿದೀತೇ? ಫಲಕದವರು ಸಂಜೆಯೊಳಗೆ ಕೇಳಿದ್ದಾರೆ.

‘ಮೂಳೆಮಜ್ಜೆ ಪರೀಕ್ಷೆ’ ಎಂದು ಬರೆದು ಈಗಲೇ ಕಳುಹಿಸಿ. ಕಾರಣಗಳನ್ನು ನಿಧಾನವಾಗಿ ಓದಿದರಾಯಿತು.

‘ಅಸ್ಥಿ’ ಬೇಡವೇ ಬೇಡ. ವೈದ್ಯಗ್ರಂಥಗಳಲ್ಲಿ ಏನೇ ಇರಲಿ, ನಮ್ಮ ಮನೆಗಳಲ್ಲಿ ಆ ಪದ ಬದುಕಿರುವವರ ಮೈಗೆ ಸೇರಿದ್ದಲ್ಲ. ಚಿತೆ ಆರಿದ ಮೇಲೆ ಆಯ್ದು, ಮಡಕೆಯಲ್ಲಿಟ್ಟು, ಕಾವೇರಿಯ ಪಶ್ಚಿಮವಾಹಿನಿಗೆ ಒಯ್ದು ಬಿಡುವುದು ಅಸ್ಥಿ. ನಮ್ಮ ಸೋದರತ್ತೆಯನ್ನು ಇದೇ ಪರೀಕ್ಷೆಗೆ ಕರೆದೊಯ್ದಿದ್ದೆ. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಮೊದಲ ಎರಡಕ್ಷರ ಓದಿದವರು ಅದನ್ನು ಮಡಚಿ ನನ್ನ ಕೈಗಿಟ್ಟು, “ನಾನಿನ್ನೂ ಇದ್ದೇನಲ್ಲಪ್ಪ” ಎಂದರು. ಅಂದಿನಿಂದ ಈ ಪದವನ್ನು ಆಸ್ಪತ್ರೆಯ ಗೋಡೆಯ ಮೇಲೆ ಕಂಡರೆ ನನಗೆ ಸಹಿಸಲಾಗುವುದಿಲ್ಲ.

> ‘ಬೆನ್ನುಹುರಿ ಪರೀಕ್ಷೆ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ತಪ್ಪು. ಬೆನ್ನುಹುರಿ ನರಮಂಡಲದ ಭಾಗ. ಈ ಪರೀಕ್ಷೆಯ ಸೂಜಿ ಸಾಮಾನ್ಯವಾಗಿ ಚುಚ್ಚುವುದು ಸೊಂಟದ ಮೂಳೆಯ ಹಿಂಬದಿಗೆ. ಕಾಲಿನ ಸ್ವಾಧೀನ ಹೋದೀತೆಂಬ ಹೆದರಿಕೆ ಹುಟ್ಟಿಸಲು ಇಂಥ ಒಂದು ಫಲಕ ಸಾಕು.

> ಮಜ್ಜೆ ಸಂಸ್ಕೃತ. ಅಚ್ಚಗನ್ನಡದಲ್ಲಿ ‘ಎಲುನೆಣ’ ಎನ್ನೋಣ.

ನೆಣವೆಂದರೆ ಕೊಬ್ಬು. ವಯಸ್ಕರ ತೊಡೆಮೂಳೆಯ ನಡುಕೊಳವೆಯಲ್ಲಿ ತುಂಬಿರುವ ಹಳದಿ ಮಜ್ಜೆಗೆ ಆ ಹೆಸರು ಒಪ್ಪೀತು. ರಕ್ತಕಣಗಳು ಹುಟ್ಟುವುದು ಕೆಂಪು ಮಜ್ಜೆಯಲ್ಲಿ. ಅದಿರುವುದು ಮುಖ್ಯವಾಗಿ ಸೊಂಟ, ಎದೆಮೂಳೆ, ಪಕ್ಕೆಲುಬು, ಬೆನ್ನುಮೂಳೆಗಳ ಒಳಗೆ, ಜೇನುಹುಟ್ಟಿನ ಹಾಗೆ ಕಣ್ಣುಕಣ್ಣಾಗಿರುವ ಕಡೆ. ವೈದ್ಯರು ಹೀರಿ ತೆಗೆಯುವುದೂ ಅದನ್ನೇ. ಅದಕ್ಕೆ ನೆಣವೆಂದರೆ ಪದ ಶುದ್ಧವಾಗುತ್ತದೆ, ಮಾತು ಸುಳ್ಳಾಗುತ್ತದೆ. ‘ಮೂಳೆತಿರುಳು’ ಎಂದಿದ್ದರೆ ನನ್ನ ತಕರಾರಿರಲಿಲ್ಲ. ನಲ್ಲಿ ಮೂಳೆ ಒಡೆಸಿ ಸಾರು ಮಾಡುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಆದರೆ ಮಜ್ಜೆ ಪತ್ರಿಕೆಗಳಲ್ಲಿ ಆಗಲೇ ಬಳಕೆಯಲ್ಲಿದೆ. ಫಲಕ ಹೊಸ ಪದ ಕಲಿಸುವ ಜಾಗವಲ್ಲ.

‘ಮೂಳೆ’ಯ ಬಗ್ಗೆ ಯಾರೂ ಯೋಚಿಸಿದಂತಿಲ್ಲ. ತಮಿಳಿನ ‘ಮೂಳೈ’ಗೆ ಮಿದುಳು, ಮಜ್ಜೆ ಎರಡೂ ಅರ್ಥಗಳಿವೆ. ತೆಲುಗಿನ ‘ಮೂಲುಗ’ ಮಜ್ಜೆಯೇ. ಗಟ್ಟಿ ಭಾಗಕ್ಕೆ ತಮಿಳಿನಲ್ಲಿ ‘ಎಲುಂಬು’, ತುಳುವಿನಲ್ಲಿ ‘ಎಲು’, ನಮ್ಮಲ್ಲಿ ‘ಎಲುಬು’. ನನ್ನ ಎಣಿಕೆಯಲ್ಲಿ ಮೂಳೆ ಮೊದಲು ಒಳಗಿನ ತಿರುಳಿನ ಹೆಸರು. ಕನ್ನಡದಲ್ಲಿ ಅದು ಹೊರಗಿನ ಎಲುಬಿಗೂ ಹತ್ತಿಕೊಂಡು, ಕೊನೆಗೆ ಅಲ್ಲೇ ನಿಂತಿತು. ಒಳಗೆ ಖಾಲಿಯಾದ ಜಾಗಕ್ಕೆ ಮಜ್ಜೆ ಬಂತು. ಮನೆಯವರೇ ಬಿಟ್ಟುಹೋದ ಕೋಣೆಯಲ್ಲಿ ವಾಸಕ್ಕೆ ಬಂದವನನ್ನು ಹೊರಗಿನವನೆಂದು ದೂರುವುದು ನ್ಯಾಯವಲ್ಲ.

> ಮೂಳೆಮಜ್ಜೆ ಅರಿಸಮಾಸ.

ಹೌದು, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು, ಹಳೆಯ ವ್ಯಾಕರಣ ಒಪ್ಪದ ಸಮಾಸ. ಮಳೆಗಾಲವೂ ಅರಿಸಮಾಸವೇ. ನಮ್ಮ ಈ ಮಿಂಚಂಚೆ ಪಟ್ಟಿಯಲ್ಲಿ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ಹೆಸರೆತ್ತಿ ಬಾಯಿ ಮುಚ್ಚಿಸುವ ಅಭ್ಯಾಸ ಇನ್ನಾದರೂ ನಿಲ್ಲಲಿ.

ಇನ್ನೊಂದು ಮಾತು. ಆಸ್ಪತ್ರೆ ಧಾರವಾಡ, ಕಲಬುರಗಿ ಕಡೆಯದಾದರೆ ‘ಎಲುಬಿನ ಮಜ್ಜೆ’ ಎಂದು ಬರೆಸಿ. ಅಲ್ಲಿ ಎಲುಬೇ ಮನೆಮಾತು. ಎಲ್ಲಿಯದಾದರೂ ಕೆಳಗೆ ಕನ್ನಡ ಲಿಪಿಯಲ್ಲೇ ‘ಬೋನ್ ಮ್ಯಾರೋ’ ಎಂದೂ ಹಾಕಿಸಿ. ದಾದಿಯರು ರೋಗಿಗೆ ಕೊಠಡಿ ತೋರಿಸುವಾಗ ಹೇಳುವುದು ಅದನ್ನೇ.