‘ಗೌಪ್ಯತೆ’ ಯಾರದು? ಒಂದು ಪಟ್ಟಿಯ ನೆಪದಲ್ಲಿ ಪದವಿಚಾರ

ಬಲ್ಲವರಲ್ಲಿ ಒಂದು ಪದದ ಬಗ್ಗೆ ವಿಚಾರಿಸಬೇಕಾಗಿದೆ. ಪ್ರಶ್ನೆ ಹುಟ್ಟಿದ ಸಂದರ್ಭವನ್ನು ಮೊದಲು ಹೇಳಿಬಿಡುತ್ತೇನೆ. ಅದನ್ನು ಬಿಟ್ಟರೆ ಇದು ಬರಿಯ ನಿಘಂಟಿನ ಜಗಳವೆನ್ನಿಸೀತು.

ನಾನಿರುವುದು ತೀರ್ಥಹಳ್ಳಿಯ ಕಡೆ. ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಸರ್ಕಾರಿ ಕಚೇರಿಯ ಸೂಚನಾ ಫಲಕದಲ್ಲಿ ಸಹಾಯಧನ ಪಡೆದವರ ಪಟ್ಟಿಯನ್ನು ಅಂಟಿಸಿದ್ದರು. ಹೆಸರು, ಊರು, ಮೊತ್ತಗಳ ಜೊತೆಗೆ ಪ್ರತಿಯೊಬ್ಬರ ಆಧಾರ್ ಸಂಖ್ಯೆಯ 12 ಅಂಕಿಗಳೂ ಬ್ಯಾಂಕ್ ಖಾತೆಯ ಸಂಖ್ಯೆಯೂ ಅದರಲ್ಲಿದ್ದವು. ಮಳೆಗಾಲ ಮುಗಿಯುವವರೆಗೂ ಆ ಹಾಳೆ ಅಲ್ಲೇ ಇತ್ತು. ಈಚೆಗೆ ಅದೇ ಕಚೇರಿಯಲ್ಲಿ ಈ ಸಲದ ಪಟ್ಟಿ ಎಲ್ಲಿದೆ ಎಂದು ಕೇಳಿದಾಗ ಗುಮಾಸ್ತರು ಸೌಜನ್ಯದಿಂದಲೇ, “ಪಟ್ಟಿ ಹಾಕೋ ಹಾಗಿಲ್ಲ ಸಾರ್, ಗೌಪ್ಯತೆ ಕಾಯ್ದೆ ಬಂದಿದೆ” ಎಂದರು.

ಅಂದು ಮಾಡಿದ್ದೂ ತಪ್ಪು, ಇಂದು ಹೇಳಿದ್ದೂ ತಪ್ಪು. 2016ರ ಆಧಾರ್ ಕಾಯ್ದೆಯ 29ನೆಯ ಪ್ರಕರಣವು ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದನ್ನು ನಿರ್ಬಂಧಿಸುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಪ್ರಕರಣವಾದರೋ ಸಹಾಯಧನದ ಕಾರ್ಯಕ್ರಮಗಳಿಗೆ ಹಂಚಿಕೆಯಾದ ಹಣವನ್ನೂ ಫಲಾನುಭವಿಗಳ ವಿವರವನ್ನೂ ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆನ್ನುತ್ತದೆ. ಹೆಸರು ಮತ್ತು ಮೊತ್ತವನ್ನು ಉಳಿಸಿ ಸಂಖ್ಯೆಗಳನ್ನು ಮುಚ್ಚಿದ್ದರೆ ಎರಡು ಕಾಯ್ದೆಗಳಿಗೂ ಸಲ್ಲುತ್ತಿತ್ತು. ಗುಮಾಸ್ತರು ಹಾಗೆ ಯೋಚಿಸದಂತೆ ಮಾಡಿದ್ದು, ನನ್ನ ಅನುಮಾನದಲ್ಲಿ, ‘ಗೌಪ್ಯತೆ’ ಎಂಬ ಆ ಒಂದು ಪದ. ಅವರು ಹೇಳಿದ ಕಾಯ್ದೆಯ ಹೆಸರಿನಲ್ಲಿ ಆ ಪದವೇ ಇಲ್ಲ ಎಂಬುದು ಇನ್ನೊಂದು ತಮಾಷೆ. ಅದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ.

ಪದದ ರೂಪದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಗೋಪ್ಯ’ದಿಂದ ‘ಗೋಪ್ಯತೆ’ ಸರಿಯಾದ ರೂಪ. ‘ಗೌಪ್ಯ’ವೇ ಭಾವನಾಮವಾದ್ದರಿಂದ ಅದಕ್ಕೆ ಮತ್ತೆ ‘ತೆ’ ಹಚ್ಚುವುದು ‘ಐಕ್ಯತೆ’, ‘ಪ್ರಾಮುಖ್ಯತೆ’ಗಳ ಸಾಲಿನ ದ್ವಿರುಕ್ತಿ. ಬಳಕೆ ಗೆದ್ದಿರುವುದರಿಂದ ಅದನ್ನು ಬಿಡೋಣ.

ನನ್ನ ತಕರಾರಿರುವುದು ಅರ್ಥದಲ್ಲಿ. ಕನ್ನಡಿಗರ ಕಿವಿಗೆ ಈ ಪದ ಹೆಚ್ಚು ಬಿದ್ದಿರುವುದು ಮಂತ್ರಿಗಳು ‘ಅಧಿಕಾರ ಮತ್ತು ಗೌಪ್ಯತೆಯ ಪ್ರಮಾಣವಚನ’ ಸ್ವೀಕರಿಸುವಾಗ. ಅಲ್ಲಿ ಗೌಪ್ಯತೆಯೆಂದರೆ ಅಧಿಕಾರದಲ್ಲಿರುವವನು ತನಗೆ ತಿಳಿದದ್ದನ್ನು ಹೊರಗೆಡಹದಿರುವುದು. ಗುಟ್ಟು ಸರ್ಕಾರದ್ದು, ಹೊರಗೆ ನಿಂತವರು ಜನ. ಪ್ರೈವಸಿ ಎಂಬ ಹಕ್ಕಿನಲ್ಲಿ ಇದು ತಲೆಕೆಳಗಾಗುತ್ತದೆ: ವಿಷಯ ವ್ಯಕ್ತಿಯದು, ಮಿತಿಯೊಳಗೆ ನಿಲ್ಲಬೇಕಾದದ್ದು ಸರ್ಕಾರ. ಎದುರುಬದುರಾದ ಈ ಎರಡಕ್ಕೂ ಒಂದೇ ಪದವನ್ನು ಬಳಸಿದರೆ, ಪ್ರಜೆಯನ್ನು ಕಾಯಲೆಂದು ಬಂದ ಕಾನೂನು ಕಚೇರಿಯ ಬೀರುವಿಗೆ ಬೀಗವಾಗುವುದರಲ್ಲಿ ಆಶ್ಚರ್ಯವೇನಿದೆ?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ತೀರ್ಪು ನೀಡಿ, ಈ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲೇ ಅಡಗಿದೆಯೆಂದು ಸಾರಿತು. ಆಗ ಕೆಲವರು ‘ಖಾಸಗಿತನದ ಹಕ್ಕು’ ಎಂದೂ ಕೆಲವರು ‘ಗೌಪ್ಯತೆಯ ಹಕ್ಕು’ ಎಂದೂ ಬರೆದರು. ಎರಡನೆಯದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಮನೆಯ ದಣಪೆಯ, ಎಂದರೆ ಗಳುಗಳನ್ನು ಅಡ್ಡ ಹಾಕಿದ ಬೇಲಿಬಾಗಿಲಿನ, ನೆನಪಾಗುತ್ತದೆ. ದಣಪೆಗೆ ಬೀಗವಿಲ್ಲ, ಅಡ್ಡಗಳುಗಳ ಸಂದಿಯಲ್ಲಿ ಅಂಗಳ, ಜಗಲಿ, ಒಣಹಾಕಿದ ಅಡಿಕೆ ಎಲ್ಲವೂ ರಸ್ತೆಗೆ ಕಾಣುತ್ತವೆ. ಬಚ್ಚಿಟ್ಟದ್ದು ಏನೂ ಇಲ್ಲ. ಆದರೂ ಬಂದವರು ಅಲ್ಲಿ ನಿಂತು ಕೂಗಿ, ಒಳಗಿನಿಂದ ಓಗೊಟ್ಟ ಮೇಲೆಯೇ ಗಳು ಸರಿಸುತ್ತಾರೆ. ಆ ಹಕ್ಕಿರುವುದು ಇಲ್ಲಿ. ನನ್ನ ಬ್ಯಾಂಕ್ ಖಾತೆಯ ಸಂಖ್ಯೆ ಹತ್ತು ಕಡೆ ಗೊತ್ತಿರಬಹುದು. ಹಾಗೆಂದು ಅದು ಫಲಕದ ಮೇಲೆ ಬರಬೇಕಿಲ್ಲ.

‘ಗುಪ್’ ಧಾತುವಿಗೆ ರಕ್ಷಣೆಯೆಂಬ ಅರ್ಥವೇ ಇರುವುದರಿಂದ ‘ಗೋಪ್ಯ’ವೆಂದರೆ ಕಾಪಾಡತಕ್ಕದ್ದು ಎಂದೂ ಆಗುತ್ತದೆಯಲ್ಲ ಎಂದು ಸಂಸ್ಕೃತ ಬಲ್ಲ ಸ್ನೇಹಿತರೊಬ್ಬರು ವಾದಿಸಿದರು. ವ್ಯುತ್ಪತ್ತಿ ಸರಿಯಿದ್ದೀತು. ಆದರೆ ಅರ್ಜಿ ಹಿಡಿದು ನಿಂತವರು ಧಾತುಪಾಠ ಓದಿರುವುದಿಲ್ಲ.

ಗೊಂದಲ ಇನ್ನಷ್ಟು ದಟ್ಟವಾಗುವ ಲಕ್ಷಣವೂ ಇದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಉಪಪ್ರಕರಣವು ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ ಅಥವಾ ವ್ಯಕ್ತಿಯ ಪ್ರೈವಸಿಗೆ ಅಕಾರಣವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ತಡೆಹಿಡಿಯಲು ಅವಕಾಶ ಕೊಟ್ಟಿತ್ತು. 2023ರ ಕಾಯ್ದೆಯ ಮೂಲಕ ಅದಕ್ಕೆ ತಂದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದು, ಈಗ ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಎಂಬಷ್ಟೇ ಉಳಿದಿದೆ. ಪ್ರೈವಸಿಯೆಂಬ ಪದವನ್ನೇ ಅಲ್ಲಿಂದ ತೆಗೆದರು, ತಡೆಹಿಡಿಯುವ ಅಧಿಕಾರವನ್ನು ಹಿಗ್ಗಿಸಿದರು! ಸಾರ್ವಜನಿಕ ಹಿತ ಮಿಗಿಲಾದರೆ ಕೊಡಬಹುದೆನ್ನುವ 8(2) ಹಾಗೆಯೇ ಇದೆ. ಅದನ್ನು ಗುಮಾಸ್ತರಿಗೆ ಯಾರಾದರೂ ಹೇಳಬೇಕಷ್ಟೆ.

ಹಾಗಾದರೆ ‘ಖಾಸಗಿತನ’ವೇ ಸರಿಯೆ? ನನ್ನ ಒಲವು ಅತ್ತ ಕಡೆಗೇ, ಆದರೆ ತೊಡಕಿಲ್ಲದೆ ಇಲ್ಲ. ಶಿವಮೊಗ್ಗದಲ್ಲಿ ‘ಖಾಸಗಿ’ ಎಂದರೆ ಮೊದಲು ಕಣ್ಣಿಗೆ ಬರುವುದು ಖಾಸಗಿ ಬಸ್ ನಿಲ್ದಾಣ. ‘ಸರ್ಕಾರಿ’ಗೆ ಎದುರಾದದ್ದೆಲ್ಲ ಖಾಸಗಿ. ಹೀಗಾಗಿ ‘ಸರ್ಕಾರಿ ಕಚೇರಿಯಲ್ಲಿ ಖಾಸಗಿತನದ ರಕ್ಷಣೆ’ ಎಂದು ಬರೆದರೆ ಕೆಲವರು ಹುಬ್ಬೇರಿಸುತ್ತಾರೆ. ‘ಏಕಾಂತ’ ಇಲ್ಲಿಗೆ ಹೊಂದದು. ವ್ಯಕ್ತಿಯ ಹಕ್ಕಿಗೆ ‘ಖಾಸಗಿತನ’ವನ್ನೂ, ತನ್ನ ಕೈಗೆ ಬಂದ ಮಾಹಿತಿಯನ್ನು ಹೊರಬಿಡದಿರುವ ಕಚೇರಿಯ ಕರ್ತವ್ಯಕ್ಕೆ ಮಾತ್ರ ‘ಗೋಪ್ಯತೆ’ಯನ್ನೂ ಮೀಸಲಿಡಬಹುದು ಎಂಬುದು ನನ್ನ ಸಲಹೆ.

ಇನ್ನು ಹೊಸ ಕಾಯ್ದೆಯ ಪರಿಭಾಷೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿರಬೇಕೆಂದು ಅದು ಹೇಳುವುದರಿಂದ ಕನ್ನಡದ ಪದಗಳನ್ನು ಈಗಲೇ ನೆಲೆಗೊಳಿಸಬೇಕು. ‘ಡೇಟಾ’ ಎಂದರೆ ನಮ್ಮ ಕಡೆ ಮೊಬೈಲಿಗೆ ಹಾಕಿಸುವ ನೆಟ್ ಪ್ಯಾಕ್ ಆದ್ದರಿಂದ ‘ಡೇಟಾ ಸಂರಕ್ಷಣೆ’ಯನ್ನು ಉಳಿತಾಯದ ಉಪದೇಶವೆಂದು ತಿಳಿದಾರು, ‘ವೈಯಕ್ತಿಕ ಮಾಹಿತಿ’ ಸಾಕು. ಆ ಮಾಹಿತಿ ಯಾರಿಗೆ ಸಂಬಂಧಿಸಿದೆಯೋ ಅವರನ್ನು ಕಾಯ್ದೆ ‘ಡೇಟಾ ಪ್ರಿನ್ಸಿಪಲ್’ ಎನ್ನುತ್ತದೆ. ಒಂದು ಕರಡು ಅನುವಾದದಲ್ಲಿ ಇದಕ್ಕೆ ‘ಮಾಹಿತಿದಾರ’ ಎಂದಿದ್ದುದನ್ನು ಕಂಡು ಬೆಚ್ಚಿದೆ. ಪೊಲೀಸರಿಗೆ ಸುದ್ದಿ ಮುಟ್ಟಿಸುವವನು ಮಾಹಿತಿದಾರ; ನಕ್ಸಲ್ ಚಟುವಟಿಕೆಯ ವರ್ಷಗಳನ್ನು ಕಂಡ ಮಲೆನಾಡಿನಲ್ಲಿ ಆ ಹೆಸರನ್ನು ಯಾರೂ ತಮ್ಮ ಮೇಲೆ ಹಾಕಿಸಿಕೊಳ್ಳಲಾರರು.

ಮಾಹಿತಿಯನ್ನು ಪಡೆದು ಬಳಸುವ ಸಂಸ್ಥೆ, ಎಂದರೆ ‘ಫಿಡ್ಯೂಷಿಯರಿ’, ಇದಕ್ಕಿಂತ ಕಠಿಣ. ನಂಬಿಕೆಯ ಮೇಲೆ ಇರಿಸಿಕೊಂಡವರು ಎಂಬುದು ಅದರ ಹುರುಳು. ನಮ್ಮವರು ಅಡಿಕೆಯನ್ನು ಮಂಡಿಯಲ್ಲಿ ಇಡುತ್ತಾರೆ. ಚೀಲಗಳು ಮಂಡಿಯಲ್ಲಿದ್ದರೂ ಅಡಿಕೆ ಬೆಳೆಗಾರನದೇ, ಅವನು ಹೇಳಿದಾಗ ಮಾರಬೇಕು. ಈ ಸಂಬಂಧವನ್ನು ಹೇಳುವ ‘ನಿಕ್ಷೇಪ’ ಎಂಬ ಮಾತು ಹಳೆಯ ಧರ್ಮಶಾಸ್ತ್ರಗಳ ಹದಿನೆಂಟು ವ್ಯವಹಾರಪದಗಳಲ್ಲಿ, ಎಂದರೆ ವ್ಯಾಜ್ಯದ ವಿಷಯಗಳಲ್ಲಿ, ಒಂದು. ದುರದೃಷ್ಟಕ್ಕೆ ಈಗ ಅದು ಅದಿರಿನ ಪಾಲಾಗಿದೆ. ‘ಠೇವಣಿ’ ಬ್ಯಾಂಕಿನ ಪಾಲು. ‘ನ್ಯಾಸಧಾರಿ’, ಎಂದರೆ ನಂಬಿ ಇಟ್ಟದ್ದನ್ನು ಇರಿಸಿಕೊಂಡವರು, ನನಗೆ ಹಿಡಿಸಿದರೂ ಓದುವವರಿಗೆ ಹಿಡಿಸೀತೆಂಬ ಭರವಸೆಯಿಲ್ಲ.

ಕೊನೆಯದಾಗಿ ಒಪ್ಪಿಗೆಯ ವಿಷಯ. ಅದು ಸ್ವಇಚ್ಛೆಯದಾಗಿ, ನಿರ್ದಿಷ್ಟವಾಗಿ, ತಿಳಿದು ಕೊಟ್ಟದ್ದಾಗಿ, ಷರತ್ತಿಲ್ಲದೆ, ಸಂಶಯಕ್ಕೆ ಎಡೆಯಿಲ್ಲದೆ, ಸ್ಪಷ್ಟ ಕ್ರಿಯೆಯ ಮೂಲಕ ವ್ಯಕ್ತವಾಗಬೇಕೆಂದು 6ನೆಯ ಪ್ರಕರಣ ಹೇಳುತ್ತದೆ. ಸಹಾಯಧನ, ಪ್ರಮಾಣಪತ್ರ, ಪರವಾನಗಿಗಳಂಥ ಕೆಲಸಗಳಿಗೆ ಕೆಲವು ಕಟ್ಟುಪಾಡುಗಳೊಡನೆ ಹೊಸ ಒಪ್ಪಿಗೆಯಿಲ್ಲದೆಯೂ ಸರ್ಕಾರ ಮಾಹಿತಿಯನ್ನು ಬಳಸಲು 7ನೆಯ ಪ್ರಕರಣದಲ್ಲಿ ಅವಕಾಶವಿದೆ; ಆದರೆ ಒಪ್ಪಿಗೆ ಕೇಳುವಲ್ಲಿ ಸರಿಯಾಗಿ ಕೇಳಬೇಕಲ್ಲವೆ? ನಾನು ಕಂಡ ಅರ್ಜಿ ನಮೂನೆಗಳಲ್ಲಿ ‘ಅನುಮತಿ’ ಎಂದಿರುತ್ತದೆ, ಇಲ್ಲವೆ ‘ನನ್ನದೇನೂ ಅಭ್ಯಂತರವಿರುವುದಿಲ್ಲ’ ಎಂದಿರುತ್ತದೆ. ಅನುಮತಿ ಮೇಲಿನವರು ಕೊಡುವುದೆಂಬ ಭಾವ ರೂಢಿಯಲ್ಲಿದೆ. ಅಭ್ಯಂತರವಿಲ್ಲವೆಂಬುದು ಸುಮ್ಮನಿರುವುದಕ್ಕೆ ಇಟ್ಟ ಹೆಸರು. ಕಾಯ್ದೆ ಕೇಳುವ ‘ಹೂಂ’ ಅದಲ್ಲ.

‘ಒಪ್ಪಿಗೆ’, ‘ಸಮ್ಮತಿ’ಗಳಲ್ಲಿ ನ್ಯಾಯಾಲಯದ ಬಳಕೆಗೆ ಯಾವುದು ತೂಗುತ್ತದೆ, ಫಿಡ್ಯೂಷಿಯರಿಗೆ ಬೇರೆ ಸೀಮೆಗಳಲ್ಲಿ ಬಾಯಿಮಾತಿನ ಪದವೇನಾದರೂ ಉಂಟೆ, ಕರಾವಳಿ ಅಥವಾ ಬಯಲುಸೀಮೆಯ ಕಚೇರಿಗಳಲ್ಲೂ ಇದೇ ‘ಗೌಪ್ಯತೆ’ಯ ಉತ್ತರ ಸಿಗುತ್ತಿದೆಯೆ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಬೇಕು. ಪಟ್ಟಿಗಾಗಿ ಮಾಹಿತಿ ಹಕ್ಕಿನಡಿ ಅರ್ಜಿ ಬರೆಯುತ್ತಿದ್ದೇನೆ. ಅದರಲ್ಲಿ ಯಾವ ಪದ ಹಾಕಲಿ ಎಂಬುದೂ ಇದರಿಂದಲೇ ತೀರ್ಮಾನವಾಗಬೇಕಾಗಿದೆ.