ಸಹಾಯ ಬೇಕು: ಉಪ್ಪುನೀರಿನ ತರಕಾರಿ ಜಾಡಿಯ ಮುಚ್ಚಳ ಮತ್ತು ಗ್ಯಾಸ್

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ನಮ್ಮ ಮನೆಯಲ್ಲಿ ಎಲೆಕೋಸು, ಮೂಲಂಗಿ ಮತ್ತು ಸೂಜಿಮೆಣಸನ್ನು ಲೀಟರಿಗೆ 30 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ, ಗಾಜಿನ ಜಾಡಿಯೊಳಗೆ ಹುಳಿ ಬರಿಸುತ್ತಿದ್ದೇನೆ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರೆ ಒಳಗೆ ತುಂಬಿದ ಕಾರ್ಬನ್ ಡೈಆಕ್ಸೈಡ್‌ನಿಂದ ತಗಡು ಉಬ್ಬಿ, ತೆರೆದೊಡನೆ ಉಪ್ಪುನೀರು ಬುಸ್ಸೆಂದು ನೊರೆಯಾಗಿ ಹೊರಚೆಲ್ಲುತ್ತದೆ. ಸಡಿಲ ಬಿಟ್ಟರೆ ಗಾಳಿಯಾಡಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ತರಕಾರಿ ಮುಳುಗಿರಲೆಂದು ಚಿಕ್ಕ ಗಾಜಿನ ಬಟ್ಟಲನ್ನು ಹೇರಿದ್ದೇನೆ, ಅದರಿಂದ ತೊಂದರೆಯಿಲ್ಲ. ತಗಡಿನ ಅಂಚು ತುಕ್ಕು ಹಿಡಿದಿರುವುದು ಮಾತ್ರ ನನಗೆ ನಿಜಕ್ಕೂ ಚಿಂತೆ ತಂದಿದೆ.

ಪ್ಲಾಸ್ಟಿಕ್ ಮುಚ್ಚಳಕ್ಕೆ ತೂತು ಕೊರೆದು ಸಣ್ಣ ಪೈಪು ಸಿಕ್ಕಿಸಿ, ಅದರ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿದರೆ ಗ್ಯಾಸ್ ಹೊರಹೋಗುತ್ತದೆ, ಗಾಳಿ ಒಳಬರುವುದಿಲ್ಲ ಎಂಬುದು ನನ್ನ ಆಲೋಚನೆ. ಹೀಗೆ ಮಾಡಿದವರು ತೂತಿನ ಸುತ್ತ ಸೋರದಂತೆ ಏನು ಬಳಸಿದಿರಿ? ಅಂತಹ ಮುಚ್ಚಳ ಕುಶಾಲನಗರ ಅಥವಾ ವಿರಾಜಪೇಟೆಯಲ್ಲಿ ಸಿದ್ಧವಾಗಿಯೇ ಸಿಗುವುದಾದರೆ ದಯವಿಟ್ಟು ತಿಳಿಸಿ.