ಅಮ್ಮನಿಗೆ ಡಯಾಲಿಸಿಸ್: ಸರ್ಕಾರಿಯಾ, ಖಾಸಗಿಯಾ? ಮಾಡಿಸಿದವರು ಹೇಳಿ

ಬೈಂದೂರು ಹುಡುಗ: ಅಮ್ಮನಿಗೆ 62, ಶುಗರ್ ಹಳೇದು. ಕಿಡ್ನಿ ಕೆಟ್ಟಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 7 ದಾಟಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕಾಗಬಹುದು ಅಂದಿದ್ದಾರೆ. ನಮ್ಮದು ಎಪಿಎಲ್ ಕಾರ್ಡ್. ತಾಲೂಕು ಆಸ್ಪತ್ರೆಯಾ, ಖಾಸಗಿಯಾ?

ಸುರತ್ಕಲ್ ಅಕ್ಕ: ನಮ್ಮ ಯಜಮಾನರಿಗೆ ಖಾಸಗಿಯಲ್ಲೇ ಮಾಡಿಸಿದ್ದು. ಒಂದು ಸಲಕ್ಕೆ 1,800, ಅದು ಬರೀ ಮೆಷಿನಿಗೆ. ರಕ್ತ ಏರುವ ಇಂಜೆಕ್ಷನ್ ಬೇರೆ, ಐರನ್ ಬೇರೆ, ಟೆಸ್ಟ್ ಬೇರೆ, ರಿಕ್ಷಾ ಬೇರೆ, ಎಲ್ಲಾ ಸೇರಿ ತಿಂಗಳಿಗೆ 35 ಸಾವಿರ. ಡಯಾಲಿಸಿಸ್‌ಗೆ ಅಂತ ಕುತ್ತಿಗೆಗೆ ಹಾಕಿದ ಪೈಪಿಗೆ ಇನ್ಫೆಕ್ಷನ್ ಆಗಿ ಐಸಿಯು ಸೇರಿದಾಗ 1 ಲಕ್ಷ 10 ಸಾವಿರ. ಸೊಸೈಟಿಯಲ್ಲಿಟ್ಟ ಚಿನ್ನ ಇನ್ನೂ ಬಿಡಿಸಿಲ್ಲ. ಆದರೂ ಸರ್ಕಾರಿಗೆ ಕಳಿಸುತ್ತಿರಲಿಲ್ಲ. ಪಕ್ಕದ ಮನೆಯವರು ಅಲ್ಲಿಂದ ಹೆಪಟೈಟಿಸ್ ಸಿ (ರಕ್ತದಿಂದ ಹರಡುವ ಲಿವರ್ ಕಾಯಿಲೆ) ತಂದುಕೊಂಡರು.

ಕಾರ್ಕಳದವ: ಅಲ್ಲಿಂದಲೇ ಬಂತು ಅಂತ ಯಾರು ಹೇಳಿದ್ದು ಅಕ್ಕ? ಡಯಲೈಸರ್ ಅಂದರೆ ರಕ್ತ ಸೋಸುವ ಫಿಲ್ಟರ್, ಅದನ್ನು ತೊಳೆದು ಮತ್ತೆ ಬಳಸುವುದು ಖಾಸಗಿಯಲ್ಲೂ ಇದೆ. 2024ರಲ್ಲಿ ರಾಜ್ಯದ ಸರ್ಕಾರಿ ಕೇಂದ್ರಗಳಿಗೆ ಒಂದೇ ಸಲ ಬಳಸಿ ಬಿಸಾಡುವ ಡಯಲೈಸರ್ ಬಂತು. ನನ್ನ ಅಪ್ಪನಿಗೆ ಸರ್ಕಾರಿಯಲ್ಲೇ ನಡೆಯುತ್ತಿದೆ, ನಯಾಪೈಸೆ ಇಲ್ಲ. ಪಾಳಿ ಸಿಗುವುದೇ ಕಷ್ಟ, ನಮಗೆ ಸಿಕ್ಕಿದ್ದು ಬೆಳಿಗ್ಗೆ ಆರಕ್ಕೆ. ಆ ಹೊತ್ತಿಗೆ ಬಸ್ಸಿಲ್ಲ, ರಿಕ್ಷಾಕ್ಕೆ ಹೋಗಿ ಬರಲು 700. ಮೆಷಿನ್ ಕೆಟ್ಟರೆ ಜಿಲ್ಲಾಸ್ಪತ್ರೆಗೆ ಓಡಬೇಕು, ಸಿಬ್ಬಂದಿಗೆ ಸಂಬಳ ಆಗದೆ ಕೆಲಸ ನಿಂತದ್ದೂ ಉಂಟು. ಅಷ್ಟಾದರೂ ಅಲ್ಲಿನ ಸಿಸ್ಟರ್‌ಗಳು ನನ್ನ ಅಪ್ಪನನ್ನು ಉಳಿಸಿದ್ದಾರೆ. ಸುಮ್ನೆ ಹೆದರಿಸಬೇಡಿ.

ಸುರತ್ಕಲ್ ಅಕ್ಕ: ನಾನು ಕಂಡದ್ದು ಹೇಳಿದೆ.

ಪಡುಬಿದ್ರಿ: ಜಗಳ ಆಮೇಲೆ ಮಾಡಿ ಮಾರಾಯ್ರೆ. ಊಟದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನನ್ನ ಅತ್ತೆಗೆ ನೋಡಲು ಬಂದವರೆಲ್ಲಾ ಎಳನೀರು ತರುತ್ತಿದ್ದರು. ಅದರಿಂದ ರಕ್ತದಲ್ಲಿ ಪೊಟ್ಯಾಶಿಯಂ ಏರಿ ರಾತ್ರಿ ಎದೆಬಡಿತ ತಪ್ಪಿತು, ಮಂಗಳೂರಿಗೆ ಆಂಬ್ಯುಲೆನ್ಸ್ 4,500. ಕುಡಿಯುವ ನೀರಿಗೂ ಮಿತಿ ಇರುತ್ತದೆ, ಗಂಜಿ ತಿಳಿಯೂ ಆ ಲೆಕ್ಕಕ್ಕೇ ಬರುತ್ತದೆ. ಕುಚ್ಚಲಕ್ಕಿ ಗಂಜಿ ಇಲ್ಲದೆ ಆಗದವರಿಗೆ ಇದೇ ದೊಡ್ಡ ಕಷ್ಟ.

ಮಲ್ಪೆ ಮೀನುಗಾರ: ಕಾರ್ಡ್ ಮುಖ್ಯ. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್‌ಗೆ ಚಿಕಿತ್ಸೆಗೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಯೋಜನೆಯಲ್ಲಿ ಆ ಚಿಕಿತ್ಸೆಗೆ ನಿಗದಿಯಾದ ಮೊತ್ತ) 30% ಮಾತ್ರ, ಉಳಿದದ್ದು ಕೈಯಿಂದ. ಕಾರು ಇದ್ದವರ ಹತ್ತಿರ ಬಿಪಿಎಲ್, ಸಾಲದಲ್ಲಿ ಮುಳುಗಿದ ನನ್ನ ಹತ್ತಿರ ಎಪಿಎಲ್.

ಕಾರ್ಕಳದವ: ನನಗೆ ಹೇಳುತ್ತಿದ್ದೀರಾ? ನಮ್ಮದು ಬಿಪಿಎಲ್, ಹಳೇ ಓಮ್ನಿ ಬಾಡಿಗೆಗೆ ಓಡಿಸಿಯೇ ಅಪ್ಪನ ಔಷಧಿ.

ಮಲ್ಪೆ ಮೀನುಗಾರ: ಹೆಸರು ಹೇಳಲಿಲ್ಲವಲ್ಲ ನಾನು.

ಬೈಂದೂರು ಹುಡುಗ: ಡಯಾಲಿಸಿಸ್ ಸೂಜಿ ಹಾಕಲು ಕೈಯ ರಕ್ತನಾಳ ಜೋಡಿಸುವ ಆಪರೇಷನ್, ಫಿಸ್ಟುಲಾ ಅಂತಾರಲ್ಲ, ಅದನ್ನು ಈಗಲೇ ಮಾಡಿಸಬೇಕಾ?

ಸುರತ್ಕಲ್ ಅಕ್ಕ: ನಾಳೆಯೇ ಕೇಳು ತಮ್ಮಾ. ಸಾಮಾನ್ಯವಾಗಿ ಜಾಸ್ತಿ ಬಳಸದ ಕೈಗೆ ಮಾಡುತ್ತಾರೆ, ಸೂಜಿ ಹಾಕುವ ಹಾಗೆ ಆಗಲು ಆರು ವಾರವಾದರೂ ಬೇಕು. ಆ ಕೈಯಿಂದ ರಕ್ತ ತೆಗೆಯಲು, ಬಿಪಿ ನೋಡಲು ಬಿಡಬೇಡ. ನಮಗೆ ಯಾವ ಡಾಕ್ಟ್ರೂ ಮೊದಲೇ ಹೇಳಲಿಲ್ಲ, ಅದಕ್ಕೇ ಕುತ್ತಿಗೆಗೆ ಪೈಪ್ ಹಾಕಬೇಕಾಯಿತು.

ಕಾರ್ಕಳದವ: ನಮ್ಮ ಸರ್ಕಾರಿ ಡಾಕ್ಟ್ರು ಮೊದಲೇ ಹೇಳಿದ್ದರು.